ಫ್ಲಿಪ್ ಫೋನ್ ಕೊಳ್ಳುವ ಮುನ್ನ: ಕೀಲಿನ ಸುಖ, ಕೀಲಿನ ಕಷ್ಟ

ಮಾತು ಮುಗಿಸಿ ಫೋನನ್ನು ಟಪ್ ಅಂತ ಮುಚ್ಚುವುದರಲ್ಲಿ ಒಂದು ಸುಖ ಇದೆ. ಸ್ಮಾರ್ಟ್‌ಫೋನಿನಲ್ಲಿ ಕೆಂಪು ಬಟನ್ ಮುಟ್ಟಿದರೆ ಕಾಲ್ ಮುಗಿಯುತ್ತದೆ, ಅಷ್ಟೇ. ನಡುವೆ ಮಡಚಿಕೊಳ್ಳುವ ಫ್ಲಿಪ್ ಫೋನಿನಲ್ಲಿ ಮಾತು ಮುಗಿದದ್ದು ಕೈಗೂ ಗೊತ್ತಾಗುತ್ತದೆ, ಕಿವಿಗೂ ಗೊತ್ತಾಗುತ್ತದೆ. ಸಿಟ್ಟು ಬಂದಿದ್ದರಂತೂ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ!

ನಾನು ಎರಡು ವರ್ಷದಿಂದ ಕೀಪ್ಯಾಡ್ ಇರುವ ಫ್ಲಿಪ್ ಫೋನ್ ಬಳಸುತ್ತಿದ್ದೇನೆ. ನನ್ನ ತಂಗಿಯ ಹತ್ತಿರ ಇರುವುದು ಸ್ಕ್ರೀನೇ ಮಡಚುವ ಫೋನ್. ಇಬ್ಬರೂ ನಮ್ಮ ನಮ್ಮ ಫೋನನ್ನು ಹೊಗಳುತ್ತೇವೆ, ಇಬ್ಬರೂ ಬೈಯುತ್ತೇವೆ. ಹೊಗಳುವುದಕ್ಕೂ ಬೈಯುವುದಕ್ಕೂ ಕಾರಣ ಮಾತ್ರ ಒಂದೇ, ನಡುವೆ ಇರುವ ಆ ಕೀಲು. ಅದರಿಂದಲೇ ಫೋನ್ ಚಿಕ್ಕದಾಗುತ್ತದೆ, ಸ್ಕ್ರೀನ್ ಒಳಗೆ ಭದ್ರವಾಗಿರುತ್ತದೆ, ಪದೇ ಪದೇ ತೆಗೆದು ನೋಡುವ ಚಾಳಿ ತಗ್ಗುತ್ತದೆ. ಅದರಿಂದಲೇ ದೂಳು ಹೊಕ್ಕುತ್ತದೆ, ಸವೆತ ಶುರುವಾಗುತ್ತದೆ, ರಿಪೇರಿ ತಲೆನೋವಾಗುತ್ತದೆ. ಹಾಗಾಗಿ ಬಣ್ಣ, ಬ್ರ್ಯಾಂಡ್ ನೋಡುವ ಮುಂಚೆ ಈ ಕೀಲಿನ ಜೊತೆ ನಿಮಗೆ ಹೊಂದಿಕೆ ಆಗುತ್ತದಾ ಅಂತ ನೋಡಿಕೊಳ್ಳಿ. ಅದನ್ನು ನೋಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಯಾವ ಫ್ಲಿಪ್ ಅಂತ ಮೊದಲು ತೀರ್ಮಾನಿಸಿ

ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟಕ್ಕಿವೆ. ಒಂದು ಹಳೇ ಕಾಲದ ಮಾದರಿ. ಮೇಲಿನ ಅರ್ಧದಲ್ಲಿ ಚಿಕ್ಕ ಸ್ಕ್ರೀನ್, ಕೆಳಗಿನ ಅರ್ಧದಲ್ಲಿ ಒತ್ತುವ ಬಟನ್‌ಗಳು. ಮೊಟೊರೊಲಾ ಕಂಪನಿ 1996ರಲ್ಲಿ ಸ್ಟಾರ್‌ಟ್ಯಾಕ್ ಅನ್ನುವ ಫೋನ್ ತಂದಾಗ ಈ ಆಕಾರ ಹೆಸರುವಾಸಿಯಾಯಿತು. ಅದರ ತೂಕ ಸುಮಾರು 88 ಗ್ರಾಂ, ಈಗಿನ ಅನೇಕ ಫೋನುಗಳ ಅರ್ಧದಷ್ಟೂ ಇಲ್ಲ. ಆಮೇಲೆ 2004ರಲ್ಲಿ ಅದೇ ಕಂಪನಿಯ ರೇಜರ್ ವಿ3 ಬಂತು. ಮುಚ್ಚಿದಾಗ ಅದರ ದಪ್ಪ 14 ಮಿಲಿಮೀಟರಿಗಿಂತ ಕಡಿಮೆ. ಆ ಸರಣಿಯ ಫೋನುಗಳು 13 ಕೋಟಿಗೂ ಜಾಸ್ತಿ ಮಾರಾಟವಾದವು. ಈಗಲೂ ಈ ಜಾತಿ ಬದುಕಿದೆ. 2022ರಲ್ಲಿ ಬಂದ ನೋಕಿಯಾ 2660 ಫ್ಲಿಪ್ ಇದಕ್ಕೊಂದು ಉದಾಹರಣೆ: 2.8 ಇಂಚಿನ ಸ್ಕ್ರೀನ್, ದಪ್ಪ ಬಟನ್‌ಗಳು, ಕೈಯಿಂದಲೇ ತೆಗೆಯಬಹುದಾದ ಬ್ಯಾಟರಿ.

ಇನ್ನೊಂದು, 2019-20ರಿಂದ ಶುರುವಾದ ಹೊಸ ಜಾತಿ. ಪೂರ್ತಿ ಸ್ಮಾರ್ಟ್‌ಫೋನೇ, ಆದರೆ ಉದ್ದದ ಸ್ಕ್ರೀನ್ ನಡುವೆ ಮಡಚಿಕೊಳ್ಳುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಝೆಡ್ ಫ್ಲಿಪ್, ಮೊಟೊರೊಲಾದ ಹೊಸ ರೇಜರ್ ಈ ಗುಂಪಿನವು.

ಮೊದಲನೆಯದನ್ನು ಜನ ಕೊಳ್ಳುವುದು ಫೋನಿನಿಂದ ಸ್ವಲ್ಪ ದೂರ ಇರುವುದಕ್ಕೆ. ಎರಡನೆಯದನ್ನು ಕೊಳ್ಳುವುದು ಅದೇ ಫೋನ್ ಜೇಬಿನಲ್ಲಿ ಕಮ್ಮಿ ಜಾಗ ಹಿಡಿಯಲಿ ಅಂತ. ಎರಡೂ ಆಸೆ ತಪ್ಪಲ್ಲ. ಆದರೆ ಒಂದರ ಆಸೆಯಿಂದ ಇನ್ನೊಂದನ್ನು ಕೊಂಡರೆ ಬೇಸರ ಖಂಡಿತ. ನನ್ನ ಗೆಳೆಯನೊಬ್ಬ ‘ಸ್ಕ್ರೀನ್ ನೋಡುವುದು ಕಡಿಮೆ ಮಾಡ್ತೀನಿ’ ಅಂತ ಮಡಚುವ ಸ್ಮಾರ್ಟ್‌ಫೋನ್ ತಗೊಂಡ. ಅದರ ಹೊರಗಿನ ಸ್ಕ್ರೀನಿನಲ್ಲೇ ಎಲ್ಲ ಮೆಸೇಜೂ ಓದಲು ಬರುತ್ತಿತ್ತು. ಈಗ ಅವನು ಒಂದರ ಬದಲು ಎರಡು ಸ್ಕ್ರೀನ್ ನೋಡುತ್ತಾನೆ.

ಹಂತ 2: ಒಂದು ವಾರ ಚೀಟಿ ಬರೆಯಿರಿ

ಈ ಹಂತ ಹೆಚ್ಚಾಗಿ ಕೀಪ್ಯಾಡ್ ಫ್ಲಿಪ್ ಕೊಳ್ಳುವವರಿಗೆ. ಬೇಜಾರಿನ ಕೆಲಸ ಅನ್ನಿಸಬಹುದು, ಆದರೂ ಬಿಡಬೇಡಿ. ಒಂದು ಕಾಗದ ಮಡಚಿ ಜೇಬಿನಲ್ಲಿಡಿ. ಫೋನ್ ಕೈಗೆತ್ತಿಕೊಂಡಾಗಲೆಲ್ಲ ಯಾಕೆ ಎತ್ತಿಕೊಂಡಿರಿ ಅಂತ ಒಂದು ಪದ ಬರೆಯಿರಿ. ಕಾಲ್, ಮ್ಯಾಪ್, ಹಣ, ಫೋಟೊ, ಸುಮ್ನೆ, ಸುಮ್ನೆ, ಟೈಮ್ ನೋಡಲು, ಸುಮ್ನೆ. ನನ್ನ ಚೀಟಿ ಹೀಗೇ ಇತ್ತು. ಅರ್ಧಕ್ಕಿಂತ ಹೆಚ್ಚು ಸಾಲಿನಲ್ಲಿ ‘ಸುಮ್ನೆ’ ಅಂತಲೇ ಇತ್ತು.

ವಾರ ಕಳೆದ ಮೇಲೆ ಆ ‘ಸುಮ್ನೆ’ಗಳನ್ನೆಲ್ಲ ಹೊಡೆದು ಹಾಕಿ, ಉಳಿದದ್ದನ್ನು ನೋಡಿ. ಕಾಲ್, ಮೆಸೇಜ್, ಅಲಾರಂ, ಕ್ಯಾಲ್ಕುಲೇಟರ್, ಟಾರ್ಚ್ ಇವಿಷ್ಟೇ ಉಳಿದರೆ ಕೀಪ್ಯಾಡ್ ಫೋನ್ ನಿಮಗೆ ಸಾಕು. ಎಫ್‌ಎಂ ರೇಡಿಯೊ ಅನೇಕ ಮಾದರಿಗಳಲ್ಲಿ ಉಂಟು. ಆದರೆ ಬ್ಯಾಂಕಿನ ಆಪ್, ಕ್ಯಾಮೆರಾದಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು, ದಾರಿ ತೋರಿಸುವ ಮ್ಯಾಪ್, ಕ್ಯಾಬ್ ಕರೆಯುವುದು, ಆಫೀಸಿನ ಲಾಗಿನ್‌ಗೆ ಕೋಡ್ ಕೊಡುವ ಆಪ್, ಇವುಗಳಲ್ಲಿ ಒಂದಾದರೂ ದಿನಾ ಬರುತ್ತಿದ್ದರೆ ಯೋಚನೆ ಮಾಡಿ. ಎಸ್ಎಂಎಸ್‌ನಲ್ಲಿ ಬರುವ ಓಟಿಪಿ ಕೀಪ್ಯಾಡ್ ಫೋನಿಗೂ ಬರುತ್ತದೆ. ಆಪ್‌ನಲ್ಲಿ ಬರುವ ಕೋಡ್ ಬರುವುದಿಲ್ಲ.

ವಾಟ್ಸ್‌ಆಪ್ ಬಗ್ಗೆ ಒಂದು ಎಚ್ಚರಿಕೆ. ಕಾಯ್‌ಓಎಸ್ ಅನ್ನುವ ಸಾಫ್ಟ್‌ವೇರ್ ಇದ್ದ ಕೀಪ್ಯಾಡ್ ಫೋನುಗಳಲ್ಲಿ ಹಿಂದೆ ವಾಟ್ಸ್‌ಆಪ್ ನಡೆಯುತ್ತಿತ್ತು. 2024ರ ಜೂನ್ ಕೊನೆಯಿಂದ ಅದರಲ್ಲಿ ಹೊಸದಾಗಿ ಹಾಕಿಕೊಳ್ಳುವುದು ನಿಂತಿತು, 2025ರ ಶುರುವಿನಲ್ಲಿ ಹಳಬರಿಗೂ ನಿಂತಿತು. ಹಳೇ ಜಾಹೀರಾತು, ಹಳೇ ವಿಡಿಯೊ ನೋಡಿ ‘ಇದರಲ್ಲಿ ವಾಟ್ಸ್‌ಆಪ್ ಇದೆಯಂತೆ’ ಅಂತ ಕೊಂಡುಬಿಡಬೇಡಿ.

ನಾನು ಕಂಡುಕೊಂಡ ದಾರಿ ಇದು. ಸಿಮ್ ಫ್ಲಿಪ್ ಫೋನಿನಲ್ಲಿ, ಹಳೇ ಸ್ಮಾರ್ಟ್‌ಫೋನ್ ಮನೆಯ ಮೇಜಿನ ಮೇಲೆ ವೈಫೈನಲ್ಲಿ. ನಾನು ಶುರುಮಾಡಿದಾಗ, ವಾಟ್ಸ್‌ಆಪ್ ಒಮ್ಮೆ ನಂಬರಿನಲ್ಲಿ ನೋಂದಣಿ ಆಗಿದ್ದರೆ ಆ ಸಿಮ್ ಅದೇ ಫೋನಿನಲ್ಲಿ ಇರಲೇಬೇಕು ಅಂತಿರಲಿಲ್ಲ. ಮತ್ತೆ ಲಾಗಿನ್ ಕೇಳಿದರೆ ಓಟಿಪಿ ಫ್ಲಿಪ್ ಫೋನಿಗೆ ಬರುತ್ತದೆ, ನೋಡಿ ಒತ್ತಿದರಾಯಿತು. ಕಂಪ್ಯೂಟರಿನಲ್ಲಿ ವಾಟ್ಸ್‌ಆಪ್ ಬಳಸುವವರು ಮಾತ್ರ ಆ ಸ್ಮಾರ್ಟ್‌ಫೋನನ್ನು ಆಗಾಗ ತೆರೆದು ನೋಡಬೇಕು. 14 ದಿನ ಮುಟ್ಟದೆ ಬಿಟ್ಟರೆ ಕಂಪ್ಯೂಟರಿನಿಂದ ತಾನೇ ಲಾಗೌಟ್ ಆಗುತ್ತದೆ.

ಇದನ್ನು ಕೇಳಿ ‘ಹಾಗಾದರೆ ಎರಡು ಫೋನ್ ಸಾಕಬೇಕಲ್ಲ’ ಅಂತ ನಗುವವರಿದ್ದಾರೆ. ಹೌದು, ಸಾಕಬೇಕು. ಆದರೆ ಒಂದು ಮನೆಯಲ್ಲೇ ಇರುತ್ತದೆ, ಹಿಂದಿನ ಲ್ಯಾಂಡ್‌ಲೈನ್ ಹಾಗೆ. ನನಗೆ ಅದೇ ಬೇಕಾಗಿತ್ತು.

ಹಂತ 3: ನೆಟ್‌ವರ್ಕ್ ಸಿಗುತ್ತದಾ ಅಂತ ಕೇಳಿ, ಬರವಣಿಗೆಯಲ್ಲಿ ಕೇಳಿ

ಇಲ್ಲಿ ನಾನು ಮೋಸ ಹೋದೆ. ಮೊದಲ ಸಲ ಕೊಂಡದ್ದು ಸೆಕೆಂಡ್ ಹ್ಯಾಂಡ್ ಫ್ಲಿಪ್. ಆನ್‌ಲೈನ್‌ನಲ್ಲಿ ಮಾರಿದವರು ‘ಎಲ್ಲ ಸಿಮ್ ನಡೆಯುತ್ತೆ’ ಅಂದಿದ್ದರು. ನೋಡಲು ಹೊಸದರ ಹಾಗೇ ಇತ್ತು. ಸಿಮ್ ಹಾಕಿದೆ, ಆನ್ ಮಾಡಿದೆ, ಮೇಲ್ಗಡೆ ಟವರ್ ಗುರುತಿನ ಪಕ್ಕ ಒಂದು ಸಣ್ಣ ಅಡ್ಡಗೆರೆ. ಆ ಫೋನ್ 3ಜಿವರೆಗೆ ಮಾತ್ರ ಅಂತ ಆಮೇಲೆ ಗೊತ್ತಾಯಿತು. ನನ್ನ ಸಿಮ್ ಕಂಪನಿ 3ಜಿ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆ ಫೋನ್ ಈಗ ಮೇಜಿನ ಮೇಲೆ ಕಾಗದ ಹಾರದ ಹಾಗೆ ಕೂತಿದೆ. ಅಷ್ಟು ಕೆಲಸವನ್ನಾದರೂ ಚೆನ್ನಾಗಿ ಮಾಡುತ್ತದೆ.

ಇದು ನನ್ನೊಬ್ಬನ ಕತೆಯಲ್ಲ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿದವು. ಅಲ್ಲಿ ಹಳೇ ಫ್ಲಿಪ್ ಫೋನುಗಳು ಹಾಳಾಗದೆಯೇ ಸತ್ತುಹೋದವು. ಜಪಾನಿನಲ್ಲಿ ಇಂಥ ಫೋನಿಗೆ ‘ಗರಕೇ’ ಅಂತ ಹೆಸರು. ಗಲಾಪಗೋಸ್ ದ್ವೀಪದ ಹೆಸರಿಗೆ ಮೊಬೈಲ್‌ಗೆ ಅವರು ಅನ್ನುವ ‘ಕೇತಾಯ್’ ಸೇರಿ ಆದ ಪದ ಅದು. ಹೊರಗಿನ ಗಾಳಿ ಸೋಕದೆ ತನ್ನದೇ ದಾರಿಯಲ್ಲಿ ಬೆಳೆದ ಪ್ರಾಣಿಯ ಹಾಗೆ ಅಂತ. ಅಲ್ಲೂ 3ಜಿ ನಿಲ್ಲುತ್ತಾ ಬಂದ ಹಾಗೆ ಗರಕೇ ಕಡಿಮೆಯಾದವು.

ಹಾಗಾಗಿ ಮೂರು ಪ್ರಶ್ನೆ ಕೇಳಿ. ಫೋನ್ 4ಜಿ ಹೌದಾ? ಅದರಲ್ಲಿ ವಿಓಎಲ್‌ಟಿಇ, ಅಂದರೆ 4ಜಿ ಮೇಲೆಯೇ ಮಾತಾಡುವ ಸೌಲಭ್ಯ ಇದೆಯಾ? ನಿಮ್ಮ ಸಿಮ್ ಕಂಪನಿ ಆ ಮಾದರಿಯನ್ನು ಒಪ್ಪುತ್ತದಾ? ಎರಡನೆಯ ಪ್ರಶ್ನೆಯನ್ನೇ ಜನ ಮರೆಯುವುದು. ಸಿಮ್ ಕಂಪನಿಯ 2ಜಿ, 3ಜಿ ಎರಡೂ ಇಲ್ಲದ ಕಡೆ, 4ಜಿ ಇದ್ದೂ ವಿಓಎಲ್‌ಟಿಇ ಇಲ್ಲದಿದ್ದರೆ ಇಂಟರ್ನೆಟ್ ಬರುತ್ತದೆ, ಕಾಲ್ ಬರುವುದಿಲ್ಲ. ಮಾತಾಡುವುದಕ್ಕೇ ಅಂತ ಕೊಂಡ ಫೋನಿನಲ್ಲಿ ಮಾತು ಬಿಟ್ಟು ಉಳಿದದ್ದೆಲ್ಲ ನಡೆದರೆ ಹೇಗಿರುತ್ತದೆ, ನೀವೇ ಹೇಳಿ. ಸಿಮ್ ಕಂಪನಿಗೆ ಕೊಡಲು ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬೇಕಾದರೆ *#06# ಒತ್ತಿ. ಕೀಪ್ಯಾಡ್ ಫೋನಿನಲ್ಲೂ ಬರುತ್ತದೆ.

ಹಂತ 4: ಕೈಯಲ್ಲಿ ಹಿಡಿದು ನೂರು ಸಲ ಅಲ್ಲದಿದ್ದರೂ ಹತ್ತು ಸಲ ತೆರೆಯಿರಿ

ಆನ್‌ಲೈನ್ ಫೋಟೊದಲ್ಲಿ ಕೀಲು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಯಾರದ್ದಾದರೂ ಫೋನ್ ಇಸ್ಕೊಂಡಾದರೂ ನೋಡಿ.

ಮೊದಲು ಒಂದೇ ಕೈಯಲ್ಲಿ ತೆರೆಯಿರಿ. ಹೆಬ್ಬೆರಳನ್ನು ಎರಡು ಅರ್ಧಗಳ ನಡುವಿನ ಸಂದಿಗೆ ತೂರಿಸಿ ಮೇಲಕ್ಕೆ ತಳ್ಳಬೇಕು. ಕೀಪ್ಯಾಡ್ ಫ್ಲಿಪ್‌ನಲ್ಲಿ ಸ್ವಲ್ಪ ತಳ್ಳಿದರೆ ಉಳಿದದ್ದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಮಡಚುವ ಸ್ಮಾರ್ಟ್‌ಫೋನಿನಲ್ಲಿ ಹಾಗಲ್ಲ, ಅದು ಬಿಗಿ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಒಂದೇ ಕೈಯಲ್ಲಿ ತೆರೆಯಲು ಹೋಗಿ ಬೀಳಿಸಿದವರು ಬೇಕಾದಷ್ಟು ಜನ. ತಂಗಿ ಈಗಲೂ ಎರಡು ಕೈಯಲ್ಲೇ ತೆರೆಯುತ್ತಾಳೆ, ಪುಸ್ತಕ ತೆರೆದ ಹಾಗೆ. ಇನ್ನೊಂದು ಕೈಯಲ್ಲಿ ಚೀಲ ಇದ್ದಾಗ ಫೋನ್ ಬಂದರೆ ಅವಳ ಪಾಡು ನೋಡಬೇಕು.

ಆಮೇಲೆ ಫೋನ್ ತೆರೆದು, ಕೆಳಗಿನ ಅರ್ಧ ಹಿಡಿದುಕೊಂಡು ಮೇಲಿನ ಅರ್ಧವನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸ ಫೋನಿನಲ್ಲಿ ಅಲುಗಾಟ ಇರಬಾರದು. ಸೆಕೆಂಡ್ ಹ್ಯಾಂಡ್ ಆದರೆ ಇದೇ ಮುಖ್ಯ ಪರೀಕ್ಷೆ. ಕಟಕಟ ಅಂದರೆ ವಾಪಸ್ ಕೊಟ್ಟುಬಿಡಿ. ಜೊತೆಗೆ, ಸ್ಕ್ರೀನ್ ಆನ್ ಇಟ್ಟುಕೊಂಡೇ ನಿಧಾನಕ್ಕೆ ಅರ್ಧ ಮುಚ್ಚಿ, ಮತ್ತೆ ತೆರೆಯಿರಿ. ಒಂದು ಕೋನದಲ್ಲಿ ಸ್ಕ್ರೀನ್ ಮಿಣುಕಿದರೆ, ಗೆರೆ ಬಂದರೆ, ಕೀಲಿನೊಳಗೆ ಹಾದುಹೋಗುವ ತೆಳು ಪಟ್ಟಿಯಂಥ ಕೇಬಲ್ ಸುಸ್ತಾಗಿದೆ ಅಂತ ಅರ್ಥ. ಮೇಲಿನ ಅರ್ಧದ ಸ್ಕ್ರೀನಿಗೂ ಸ್ಪೀಕರಿಗೂ ಕರೆಂಟು, ಸಿಗ್ನಲ್ ಎಲ್ಲ ಹೋಗುವುದು ಅದರ ಮೂಲಕವೇ. ಪ್ರತಿ ಸಲ ತೆರೆದಾಗಲೂ ಅದು ಬಾಗುತ್ತದೆ.

ಇನ್ನು ಕಾಲ್ ಮಾಡಿಸಿ ನೋಡಿ. ಮುಚ್ಚಿದ್ದಾಗ ಯಾರು ಫೋನ್ ಮಾಡುತ್ತಿದ್ದಾರೆ ಅಂತ ಹೊರಗಿನ ಚಿಕ್ಕ ಸ್ಕ್ರೀನಿನಲ್ಲಿ ಕಾಣಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ ಹೊರಗೆ ಸ್ಕ್ರೀನೇ ಇಲ್ಲ. ತೆರೆದರೆ ಕಾಲ್ ಎತ್ತಿಕೊಂಡುಬಿಡುತ್ತದೆ, ಎತ್ತಬಾರದವರದ್ದೂ! ‘ತೆರೆದಾಗ ಉತ್ತರಿಸು’ ಅನ್ನುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಲು ಬರುತ್ತದಾ ನೋಡಿ.

ಫೋನ್ ಮುಚ್ಚಿದ್ದು ಫೋನಿಗೆ ಹೇಗೆ ಗೊತ್ತಾಗುತ್ತದೆ ಅಂತ ನನಗೂ ಕುತೂಹಲ ಇತ್ತು. ಈಗಿನವುಗಳಲ್ಲಿ ಸಾಮಾನ್ಯವಾಗಿ ಒಂದು ಅರ್ಧದಲ್ಲಿ ಪುಟ್ಟ ಅಯಸ್ಕಾಂತ, ಇನ್ನೊಂದರಲ್ಲಿ ಅದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅದಕ್ಕೇ ಅಯಸ್ಕಾಂತದ ಗುಂಡಿ ಇರುವ ಕವರಿನಲ್ಲೋ ಚೀಲದಲ್ಲೋ ಇಟ್ಟರೆ ಕೆಲವು ಫ್ಲಿಪ್‌ಗಳಿಗೆ ಗಲಿಬಿಲಿ ಆಗುತ್ತದೆ. ತೆರೆದಿದ್ದರೂ ಸ್ಕ್ರೀನ್ ಆರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಫೋನನ್ನು ಅಂಗಿಯ ಎದೆ ಜೇಬಿನಲ್ಲಿ ಇಡಬಾರದು, ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಬೇಕು.

ವಯಸ್ಸಾದವರಿಗೆ ಅಂತ ಕೊಳ್ಳುವವರು ಒಂದು ವಿಷಯ ಗಮನಿಸಿ. ದಪ್ಪ ಅಕ್ಷರ, ದಪ್ಪ ಬಟನ್, ತೆರೆದರೆ ಮಾತು, ಮುಚ್ಚಿದರೆ ಮುಗಿಯಿತು, ಇದಕ್ಕಿಂತ ಸುಲಭ ಇನ್ನೇನಿದೆ ಅನ್ನಿಸುತ್ತದೆ. ನಿಜ. ಕೆಲವು ಮಾದರಿಗಳಲ್ಲಿ ತುರ್ತು ಬಟನ್ ಕೂಡ ಇರುತ್ತದೆ, ಕಿವಿಯ ಯಂತ್ರದ ಜೊತೆ ಹೊಂದುವ ಗುರುತೂ ಇರುತ್ತದೆ. ಆ ಗುರುತು ಎಂ3/ಟಿ3 ಅಥವಾ ಎಂ4/ಟಿ4 ಅಂತ ಇದ್ದರೆ ಒಳ್ಳೆಯದು, 4 ಅಂದರೆ ಇನ್ನೂ ವಾಸಿ. ಆದರೆ ಬೆರಳ ಗಂಟು ನೋವಿರುವವರಿಗೆ ಆ ಸಂದಿಗೆ ಬೆರಳು ತೂರಿಸಿ ತೆರೆಯುವುದೇ ದೊಡ್ಡ ಕೆಲಸ. ಅವರ ಕೈಯಲ್ಲೇ ತೆರೆಸಿ ನೋಡಿ. ನಿಮ್ಮ ಕೈಯಲ್ಲಿ ತೆರೆದು ‘ಸುಲಭ ಇದೆ’ ಅನ್ನಬೇಡಿ.

ಹಂತ 5: ಹಳೇ ಫೋನಿನಿಂದ ಗಂಟುಮೂಟೆ ಸಾಗಿಸುವುದು

ಮಡಚುವ ಸ್ಮಾರ್ಟ್‌ಫೋನಿಗೆ ಇದು ಕಷ್ಟವೇ ಅಲ್ಲ, ಬೇರೆ ಯಾವುದೇ ಆಂಡ್ರಾಯ್ಡ್‌ಗೆ ಹೋದ ಹಾಗೇ. ಕೀಪ್ಯಾಡ್ ಫೋನಿಗೆ ಹೋಗುವಾಗ ಮಾತ್ರ ಒಂದು ಸಂಜೆ ಬೇಕು.

ಕಾಂಟ್ಯಾಕ್ಟ್‌ಗಳನ್ನು ಸಿಮ್‌ಗೆ ಕಾಪಿ ಮಾಡುವುದು ಹಳೇ ಅಭ್ಯಾಸ. ಸಿಮ್‌ನಲ್ಲಿ ಸಾಮಾನ್ಯವಾಗಿ 250 ಹೆಸರಷ್ಟೇ ಹಿಡಿಯುತ್ತವೆ. ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಗುತ್ತದೆ, ಕನ್ನಡದಲ್ಲಿ ಬರೆದಿಟ್ಟ ಹೆಸರಿಗೆ ಇನ್ನೂ ಕಮ್ಮಿ ಜಾಗ. ಅದರ ಬದಲು ಹಳೇ ಫೋನಿನಲ್ಲಿ ಕಾಂಟ್ಯಾಕ್ಟ್ಸ್ ತೆರೆದು ‘ಎಕ್ಸ್‌ಪೋರ್ಟ್’ ಒತ್ತಿ. ವಿಸಿಎಫ್ ಅನ್ನುವ ಒಂದೇ ಫೈಲ್ ಸಿಗುತ್ತದೆ. ಅದನ್ನು ಬ್ಲೂಟೂತ್‌ನಲ್ಲೋ ಮೆಮೊರಿ ಕಾರ್ಡಿನಲ್ಲೋ ಹೊಸ ಫೋನಿಗೆ ಕಳಿಸಿ ‘ಇಂಪೋರ್ಟ್’ ಮಾಡಿ. ಕಳಿಸುವ ಮುಂಚೆ ಪಟ್ಟಿ ಸ್ವಲ್ಪ ಗುಡಿಸಿ. ನನ್ನದರಲ್ಲಿ ‘ಪ್ಲಂಬರ್ ಹೊಸ’, ‘ಪ್ಲಂಬರ್ ಹಳೇ’, ‘ಪ್ಲಂಬರ್ ಬೇಡ’ ಅಂತ ಮೂವರಿದ್ದರು.

ಐಫೋನಿನಿಂದ ಬರುವವರು ಸಿಮ್ ತೆಗೆಯುವ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಐಮೆಸೇಜ್, ಅಂದರೆ ಐಫೋನಿನವರ ನಡುವೆ ಇಂಟರ್ನೆಟ್‌ನಲ್ಲಿ ಮೆಸೇಜ್ ಕಳಿಸುವ ಸೌಲಭ್ಯ, ಆಫ್ ಮಾಡಬೇಕು. ಇಲ್ಲದಿದ್ದರೆ ಬೇರೆ ಐಫೋನಿನವರು ಕಳಿಸುವ ಮೆಸೇಜ್ ನಿಮ್ಮ ಹಳೇ ಫೋನನ್ನೇ ಹುಡುಕಿಕೊಂಡು ಹೋಗುತ್ತದೆ, ಫ್ಲಿಪ್ ಫೋನಿಗೆ ಬರುವುದಿಲ್ಲ. ಕಳಿಸಿದವರಿಗೆ ನೀವು ಮಾತು ಬಿಟ್ಟ ಹಾಗೆ ಕಾಣುತ್ತೀರಿ.

ಇಮೇಲ್ ಮೊದಲಾದ ಖಾತೆಗಳಿಗೆ ಎರಡು ಹಂತದ ಲಾಗಿನ್ ಇಟ್ಟಿದ್ದರೆ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ. ಇದನ್ನು ಮೊದಲೇ ಮಾಡಿ, ಆಮೇಲೆ ಅಲ್ಲ.

ಹಂತ 6: ಮೊದಲ ತಿಂಗಳು ಬೆರಳು ತಿರುಗಬೇಕು

ಕೀಪ್ಯಾಡಿನಲ್ಲಿ ಮೆಸೇಜ್ ಬರೆಯುವುದೇ ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ. ಒಂದೊಂದು ಬಟನ್ನಿಗೆ ಮೂರು ನಾಲ್ಕು ಅಕ್ಷರ. ‘ಹಲೋ’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು 4 ಎರಡು ಸಲ, 3 ಎರಡು ಸಲ, 5 ಮೂರು ಸಲ, ಒಂದು ಕ್ಷಣ ಕಾದು ಮತ್ತೆ 5 ಮೂರು ಸಲ, ಕೊನೆಗೆ 6 ಮೂರು ಸಲ. ಒಟ್ಟು 13 ಸಲ ಒತ್ತಬೇಕು. ಟಿ9 ಅನ್ನುವ ಊಹೆಯ ಸೌಲಭ್ಯ ಆನ್ ಮಾಡಿದರೆ ಅದೇ ಪದಕ್ಕೆ 5 ಸಲ ಸಾಕು, 4-3-5-5-6. ಹಾಗಾಗಿ ಟಿ9 ಇದೆಯಾ ಅಂತ ನೋಡಿಯೇ ಕೊಳ್ಳಿ.

ಕನ್ನಡದ್ದು ಬೇರೆಯೇ ಕತೆ. ಮೊದಲು ಆ ಫೋನಿಗೆ ಕನ್ನಡ ಅಕ್ಷರ ತೋರಿಸಲು ಬರುತ್ತದಾ ನೋಡಿ. ಒಂದು ಕನ್ನಡ ಮೆಸೇಜ್ ಕಳಿಸಿ ಪರೀಕ್ಷಿಸಿ. ಚೌಕ ಚೌಕ ಡಬ್ಬಿ ಕಾಣಿಸಿದರೆ ಬರುವುದಿಲ್ಲ ಅಂತ. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಅರ್ಧಂಬರ್ಧ ಬರುತ್ತದೆ ಅಂತ. ಇನ್ನೊಂದು, ಇಂಗ್ಲಿಷ್‌ನಲ್ಲಿ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಮಾತ್ರ. ಅದರಲ್ಲೂ ಪ್ರತಿ ಗುಣಿತದ ಗುರುತು, ಪ್ರತಿ ಒತ್ತಿನ ಗುರುತು ಒಂದೊಂದು ಅಕ್ಷರವಾಗಿ ಲೆಕ್ಕಕ್ಕೆ ಬರುತ್ತದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಫೋನಿಗೆ ಆರು. ಉದ್ದ ಬರೆದರೆ ಒಂದೇ ಮೆಸೇಜ್ ಎರಡು ಮೂರು ಮೆಸೇಜಿನ ಲೆಕ್ಕ ಆಗುತ್ತದೆ.

ಹೀಗಾಗಿ ನಾನು ಮೆಸೇಜ್ ಬರೆಯುವುದನ್ನೇ ಬಿಟ್ಟು ಕಾಲ್ ಮಾಡಲು ಶುರುಮಾಡಿದೆ. ಕೆಲವರಿಗೆ ಇಷ್ಟವಾಯಿತು. ಕೆಲವರು ‘ಏನಾಯ್ತು, ಎಲ್ಲ ಆರಾಮಾ?’ ಅಂತ ಗಾಬರಿಯಿಂದ ಎತ್ತಿಕೊಳ್ಳುತ್ತಾರೆ. ಸುಮ್ನೆ ಫೋನ್ ಮಾಡುವುದು ಅಷ್ಟು ಅಪರೂಪವಾಗಿಬಿಟ್ಟಿದೆ.

ಇನ್ನೊಂದು ಪೆದ್ದುತನಕ್ಕೂ ಸಿದ್ಧರಾಗಿ. ಮಾತಿನ ನಡುವೆ ಫೋನನ್ನು ಪಕ್ಕದವರಿಗೆ ಕೊಡುವಾಗ ಅಭ್ಯಾಸಬಲದಿಂದ ಮುಚ್ಚಿ ಕೊಡುತ್ತೀರಿ. ಕಾಲ್ ಕಟ್. ಅಜ್ಜಿಯೊಬ್ಬರ ಜೊತೆ ಮಾತಾಡಿಸಲು ಹೋಗಿ ನಾನು ಸತತ ಮೂರು ಸಲ ಹೀಗೆ ಮಾಡಿದೆ. ನಾಲ್ಕನೇ ಸಲ ಅವರು ಎತ್ತಲೇ ಇಲ್ಲ.

ಒಳ್ಳೆಯದನ್ನೂ ಹೇಳಬೇಕಲ್ವಾ. ಜೇಬಿನಲ್ಲಿದ್ದ ಫೋನ್ ತಾನೇ ಯಾರಿಗೋ ಕಾಲ್ ಮಾಡುವುದು ನಿಂತಿತು. ಸ್ಕ್ರೀನಿಗೆ ಗೀರು ಬಿದ್ದಿಲ್ಲ, ಬೀಗದ ಕೈ ಜೊತೆಗೇ ಇಟ್ಟರೂ. ನನ್ನದರ ಬ್ಯಾಟರಿ 1450 ಎಂಎಎಚ್, ಕಾಗದದ ಮೇಲೆ ತೀರಾ ಚಿಕ್ಕದು. ಆದರೂ ಮೂರು ನಾಲ್ಕು ದಿನ ಬರುತ್ತದೆ, ಯಾಕೆಂದರೆ ಸ್ಕ್ರೀನ್ ಉರಿಯುವುದೇ ಕಮ್ಮಿ. ಸುಮ್ನೆ ತೆಗೆದು ನೋಡಲು ಅದರಲ್ಲಿ ಏನೂ ಇಲ್ಲ. ಇದ್ದರೂ ಒಂದು ಸಲ ತೆರೆಯಬೇಕು. ಆ ಒಂದು ಸಲದ ಸೋಮಾರಿತನವೇ ನನ್ನನ್ನು ಉಳಿಸಿದೆ.

ಹಂತ 7: ಮಡಚುವ ಸ್ಕ್ರೀನ್ ಕೊಂಡವರು ಪಾಲಿಸಬೇಕಾದ್ದು

ಈ ಫೋನುಗಳ ಸುಖ ಬೇರೆ. ಮುಚ್ಚಿದರೆ ಅಂಗೈಯಷ್ಟು ಚೌಕ, ತೆರೆದರೆ ಪೂರ್ತಿ ಫೋನ್. ಅರ್ಧ ಮಡಚಿ ಮೇಜಿನ ಮೇಲೆ ಕೂರಿಸಿದರೆ ಸ್ಟ್ಯಾಂಡ್ ಇಲ್ಲದೆ ವಿಡಿಯೊ ಕಾಲ್ ಮಾಡಬಹುದು. ಹೊರಗಿನ ಸ್ಕ್ರೀನ್ ನೋಡಿಕೊಂಡು ಹಿಂದಿನ ಒಳ್ಳೆ ಕ್ಯಾಮೆರಾದಿಂದಲೇ ಸೆಲ್ಫಿ ತೆಗೆಯಬಹುದು. ತಂಗಿ ಫೋನ್ ಕೊಂಡದ್ದೇ ಇದಕ್ಕೆ. ಹೊರಗಿನ ಸ್ಕ್ರೀನ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಝೆಡ್ ಫ್ಲಿಪ್‌ನಲ್ಲಿ 2020ರಲ್ಲಿ 1.1 ಇಂಚು ಇತ್ತು, 2023ಕ್ಕೆ 3.4 ಇಂಚಾಯಿತು.

ಆದರೆ ಒಳಗಿನ ಸ್ಕ್ರೀನ್ ತುಂಬಾ ನಾಜೂಕು. ಮಡಚುವ ಗಾಜು ತಲೆಗೂದಲಿಗಿಂತ ತೆಳ್ಳಗಿರುತ್ತದೆ, ಅದರ ಮೇಲೆ ಒಂದು ಪ್ಲಾಸ್ಟಿಕ್ ಪದರ ಅಂಟಿರುತ್ತದೆ. ಆ ಪದರವನ್ನು ಯಾವತ್ತೂ ಕೀಳಬೇಡಿ. 2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಮಡಚುವ ಫೋನ್ ಗ್ಯಾಲಕ್ಸಿ ಫೋಲ್ಡನ್ನು ವಿಮರ್ಶಕರಿಗೆ ಕೊಟ್ಟಾಗ, ಕೆಲವರು ಇದು ಹೊಸ ಫೋನಿನ ಮೇಲಿನ ಕವರ್ ಅಂದುಕೊಂಡು ಕಿತ್ತರು. ಸ್ಕ್ರೀನ್ ಹಾಳಾಯಿತು. ಫೋನಿನ ಬಿಡುಗಡೆಯನ್ನೇ ಸೆಪ್ಟೆಂಬರಿಗೆ ಮುಂದೂಡಬೇಕಾಯಿತು. ದಿನಾ ಫೋನ್ ನೋಡುವ ಕಸುಬಿನವರೇ ಮೋಸ ಹೋದರು ಅಂದಮೇಲೆ ನಾವೂ ಎಚ್ಚರವಾಗಿರಬೇಕು.

ಮುಚ್ಚುವಾಗ ಒಳಗೆ ಏನೂ ಇರಬಾರದು. ಕಾರ್ಡು, ಬಸ್ ಟಿಕೆಟ್, ಇಯರ್‌ಫೋನ್ ತಂತಿ, ಏನೂ. ಉಗುರಿನಿಂದ ಒತ್ತಬೇಡಿ. ನಡುವಿನ ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಲ್ಲಿ ಮಾತ್ರ ಅದು ನನ್ನ ಕಣ್ಣಿಗೆ ಈಗಲೂ ಕುಕ್ಕುತ್ತದೆ.

ನೀರು, ದೂಳಿನ ಲೆಕ್ಕವನ್ನು ಸರಿಯಾಗಿ ಓದಿಕೊಳ್ಳಿ. ಪೆಟ್ಟಿಗೆಯ ಮೇಲೆ ಐಪಿಎಕ್ಸ್8 ಅಂತ ಇದ್ದರೆ ನೀರಿಗೆ ಪರೀಕ್ಷೆ ಆಗಿದೆ ಅಂತ. ಆ ‘ಎಕ್ಸ್’ ಇರುವ ಜಾಗ ದೂಳಿನದ್ದು, ಅಂದರೆ ದೂಳಿಗೆ ಯಾವ ಅಂಕವನ್ನೂ ಕೊಟ್ಟಿಲ್ಲ. 2024ರ ಝೆಡ್ ಫ್ಲಿಪ್ 6ರಲ್ಲಿ ಇದು ಐಪಿ48 ಆಯಿತು. ಇಲ್ಲಿ 4 ಅಂದರೆ 1 ಮಿಲಿಮೀಟರಿಗಿಂತ ದೊಡ್ಡ ಕಣ ಒಳಗೆ ಹೋಗುವುದಿಲ್ಲ ಅಂತ. ಸಣ್ಣ ಮರಳು ಅದಕ್ಕಿಂತ ಚಿಕ್ಕದು. ಸಮುದ್ರದ ದಂಡೆಗೆ ಹೋದರೆ ಫೋನನ್ನು ಚೀಲದಲ್ಲಿ ಮುಚ್ಚಿಡಿ. ನೀರಿನ ಪರೀಕ್ಷೆಯೂ ಸಿಹಿನೀರಿನದ್ದು, ಉಪ್ಪುನೀರಿನದ್ದಲ್ಲ.

ಎಷ್ಟು ದಿನ ಬಾಳುತ್ತದೆ? ಮೊದಲ ಝೆಡ್ ಫ್ಲಿಪ್ ಬಂದಾಗ ಕಂಪನಿ 2 ಲಕ್ಷ ಸಲ ಮಡಚಿದರೂ ತಡೆಯುತ್ತದೆ ಅಂದಿತ್ತು. ದಿನಕ್ಕೆ 100 ಸಲ ತೆರೆದರೆ 2000 ದಿನ, ಅಂದರೆ ಐದೂವರೆ ವರ್ಷ. 200 ಸಲ ತೆರೆಯುವವರಿಗೆ ಮೂರು ವರ್ಷವೂ ಇಲ್ಲ. ಹಂತ 2ರ ಚೀಟಿ ಬರೆದಿದ್ದರೆ ನಿಮ್ಮ ಲೆಕ್ಕ ಅದರಲ್ಲಿ ಈಗಾಗಲೇ ಇದೆ. ಇದು ಪ್ರಯೋಗಶಾಲೆಯ ಅಂಕಿ ಅನ್ನುವುದೂ ನೆನಪಿರಲಿ. ಅಲ್ಲಿ ಯಂತ್ರ ಹದವಾಗಿ ಮಡಚುತ್ತದೆ, ಜೇಬಿನ ದೂಳು ಇರುವುದಿಲ್ಲ, ಸಿಟ್ಟಿನಿಂದ ಮುಚ್ಚುವವರೂ ಇರುವುದಿಲ್ಲ.

ಬ್ಯಾಟರಿ ವಿಷಯದಲ್ಲಿ ಹೆಚ್ಚು ಆಸೆ ಬೇಡ. ನಡುವೆ ಕೀಲು ಇರುವುದರಿಂದ ಬ್ಯಾಟರಿಯನ್ನೂ ಎರಡು ತುಂಡು ಮಾಡಿ ಎರಡೂ ಕಡೆ ಇಡಬೇಕು. ಮೊದಲ ಝೆಡ್ ಫ್ಲಿಪ್‌ಗೆ 3300 ಎಂಎಎಚ್ ಇತ್ತು, ಆರನೆಯದಕ್ಕೆ 4000. ಸಾಧಾರಣ ಫೋನುಗಳಲ್ಲೇ 5000 ಸಿಗುವ ಕಾಲ ಇದು.

ಹಂತ 8: ಕೀಲು ಕೈಕೊಡುವ ಮುಂಚೆ ಹೇಳುತ್ತದೆ, ಕೇಳಿಸಿಕೊಳ್ಳಿ

ಕೀಪ್ಯಾಡ್ ಫ್ಲಿಪ್‌ನಲ್ಲಿ ಮೊದಲ ಲಕ್ಷಣ ಶಬ್ದದಲ್ಲಿ. ಒಂದು ಕೋನದಲ್ಲಿ ಹಿಡಿದಾಗ ಮಾತ್ರ ಆ ಕಡೆಯವರ ದನಿ ಕೇಳುತ್ತದೆ, ಇಲ್ಲದಿದ್ದರೆ ಕೊಸಕೊಸ. ಕೇಬಲ್ ಹೋಗುತ್ತಿದೆ ಅಂತ. ಅದೇ ದಿನ ಕಾಂಟ್ಯಾಕ್ಟ್ ಫೈಲನ್ನು ಇನ್ನೊಂದು ಸಲ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಸ್ಕ್ರೀನ್ ಪೂರ್ತಿ ಆರಿದ ಮೇಲೆ ಒಳಗಿನದನ್ನು ಹೊರಗೆ ತರುವುದು ಕಣ್ಣುಕಟ್ಟಿ ಗಂಟು ಬಿಡಿಸಿದ ಹಾಗೆ.

ಮಡಚುವ ಸ್ಕ್ರೀನಿನಲ್ಲಿ ಮೊದಲು ಕಾಣುವುದು ಮಡಿಕೆಯ ಮೇಲೆ ಪ್ಲಾಸ್ಟಿಕ್ ಪದರ ಏಳುವುದು. ಉದ್ದಕ್ಕೆ ಒಂದು ಗಾಳಿಗುಳ್ಳೆ. ತಂಗಿಯ ಫೋನಿನಲ್ಲಿ ಒಂದೂವರೆ ವರ್ಷಕ್ಕೆ ಬಂತು. ಅವಳು ಬೆರಳಿನಿಂದ ಒತ್ತಿ ಒತ್ತಿ ಕೂರಿಸಲು ನೋಡಿದಳು, ಗುಳ್ಳೆ ಪಕ್ಕಕ್ಕೆ ಸರಿಯಿತು, ಹೋಗಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಪದರ ಮಾತ್ರ ಬದಲಿಸಿಕೊಟ್ಟರು, ಅರ್ಧ ಗಂಟೆಯ ಕೆಲಸ. ಪದರ ಎದ್ದ ಕೂಡಲೇ ಹೋದರೆ ಇಷ್ಟರಲ್ಲೇ ಮುಗಿಯುತ್ತದೆ. ಬಿಟ್ಟರೆ ಸಂದಿಯಲ್ಲಿ ಮರಳು ಸೇರಿ ಕೆಳಗಿನ ಗಾಜಿಗೇ ಪೆಟ್ಟು. ಆಗ ಒಳಗಿನ ಸ್ಕ್ರೀನೇ ಬದಲಿಸಬೇಕು, ಈ ಫೋನಿನಲ್ಲಿ ಅತಿ ದುಬಾರಿ ಭಾಗ ಅದೇ. ಕೊಳ್ಳುವಾಗಲೇ ಒಳಗಿನ ಸ್ಕ್ರೀನ್ ಬದಲಿಸಲು ಎಷ್ಟಾಗುತ್ತದೆ, ವಾರಂಟಿಯಲ್ಲಿ ಪದರ ಬದಲಿಸಿಕೊಡುತ್ತಾರಾ ಅಂತ ಕೇಳಿ ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಿ.

ಮಡಿಕೆಯ ಮೇಲೆ ಬಣ್ಣದ ಗೆರೆಯೋ ಕಪ್ಪು ಚುಕ್ಕೆಯೋ ಕಂಡರೆ ಫೋನನ್ನು ಮತ್ತೆ ಮಡಚಬೇಡಿ. ತೆರೆದೇ ಇಟ್ಟು, ಬ್ಯಾಕಪ್ ತೆಗೆದುಕೊಂಡು, ತೆರೆದ ಹಾಗೇ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಜೇಬಿನಲ್ಲಿ ಹಿಡಿಸದಿದ್ದರೆ ಅವತ್ತೊಂದು ದಿನ ಕೈಯಲ್ಲೇ ಹಿಡಿದುಕೊಳ್ಳಿ.